ಗೌನು ತೊಟ್ಟ ಕ್ಯಾಪ್ಟನ್, ಬೈಬಲ್ ಹಿಡಿದ ಮೇಜರ್

ಡೆನಿಸ್ ಕ್ವಿಲಿ ಎಂಬ ಇಂಗ್ಲಿಷ್ ನಟ ಐವತ್ತು ದಾಟಿದ ವಯಸ್ಸಿನಲ್ಲಿ ಗೌನು ತೊಟ್ಟು, ವಿಗ್ ಇಟ್ಟು, ಹಾಲಿವುಡ್ ತಾರೆ ಮರ್ಲೀನ್ ಡೀಟ್ರಿಶ್ ಥರ ಎಳೆದೆಳೆದು ಹಾಡುತ್ತಾರೆ. ಅದೇ ಮನುಷ್ಯ ಇನ್ನೊಂದು ಹಾಡಿಗೆ ಬ್ರೆಜಿಲ್‌ನ ಗಾಯಕಿ ಕಾರ್ಮೆನ್ ಮಿರಾಂಡಾ. ಮತ್ತೊಂದಕ್ಕೆ ಸೂಟು ಹಾಕಿ ಇಂಗ್ಲಿಷ್ ನಾಟಕಕಾರ, ಗಾಯಕ ನೋಯಲ್ ಕವರ್ಡ್. ಸಿನಿಮಾದಲ್ಲಿ ಅವರ ಪಾತ್ರದ ಹೆಸರು ಕ್ಯಾಪ್ಟನ್ ಟೆರಿ ಡೆನಿಸ್. ಊರು ಸಿಂಗಾಪುರ, ವರ್ಷ 1948. ಎದುರಿಗೆ ಕೂತು ನೋಡುವವರೆಲ್ಲ ಬ್ರಿಟಿಷ್ ಸಿಪಾಯಿಗಳು.

ಸಿನಿಮಾದ ಹೆಸರು ‘ಪ್ರೈವೇಟ್ಸ್ ಆನ್ ಪರೇಡ್’. 1980ರ ದಶಕದ ಆರಂಭದಲ್ಲಿ ಬಂದದ್ದು. ಪೀಟರ್ ನಿಕೋಲ್ಸ್ ತಮ್ಮದೇ ನಾಟಕವನ್ನು ಸಿನಿಮಾಕ್ಕೆ ಬರೆದುಕೊಟ್ಟರು. ನಿರ್ದೇಶನ ಮೈಕೆಲ್ ಬ್ಲೇಕ್‌ಮೋರ್. 1977ರಲ್ಲಿ ಲಂಡನ್ನಿನ ಆಲ್ಡ್‌ವಿಚ್ ಥಿಯೇಟರಿನಲ್ಲಿ ರಾಯಲ್ ಶೇಕ್ಸ್‌ಪಿಯರ್ ಕಂಪನಿಗೆ ಈ ನಾಟಕ ಆಡಿಸಿದವರೂ ಅವರೇ. ದುಡ್ಡು ಹಾಕಿದ್ದು ಹ್ಯಾಂಡ್‌ಮೇಡ್ ಫಿಲ್ಮ್ಸ್, ಅಂದರೆ ಬೀಟಲ್ಸ್‌ನ ಜಾರ್ಜ್ ಹ್ಯಾರಿಸನ್ ಕಟ್ಟಿದ ಕಂಪನಿ. ಪೋಸ್ಟರಿನಲ್ಲಿ ಹಾಸ್ಯನಟ ಜಾನ್ ಕ್ಲೀಸ್ ಮುಖ ನೋಡಿದವರು ಇದನ್ನು ಹೊಟ್ಟೆ ಹಿಡಿದು ನಗುವ ಸಿನಿಮಾ ಅಂದುಕೊಂಡು ಕೂರುತ್ತಾರೆ. ನಗು ಬರುತ್ತದೆ, ಸುಳ್ಳಲ್ಲ. ಆದರೆ ನನ್ನ ಮನಸ್ಸಿನಲ್ಲಿ ಉಳಿದದ್ದು ಬೇರೆ. ಆ ಇಡೀ ಪಾಳೆಯದಲ್ಲಿ ನೆಟ್ಟಗೆ ನಿಲ್ಲುವ, ಶಿಸ್ತಿನ, ದೇವರಿಗೆ ಹೆದರುವ ಮನುಷ್ಯ ಒಬ್ಬನಿದ್ದಾನೆ. ಅವನಿಂದ ಎಲ್ಲರಿಗೂ ಅಪಾಯ. ಇನ್ನೊಬ್ಬ ತುಟಿಗೆ ಬಣ್ಣ ಹಚ್ಚಿಕೊಂಡು ಪೋಲಿ ಜೋಕು ಹೇಳುವವನು. ಹುಡುಗರನ್ನು ಕಾಯುವವನು ಇವನು. ಸಿನಿಮಾ ಇಷ್ಟನ್ನೇ ಹೇಳುತ್ತದೆ ಅಂತ ನನಗನ್ನಿಸುತ್ತದೆ. ಅದನ್ನು ಎಲ್ಲೂ ಬಾಯಿಬಿಟ್ಟು ಹೇಳದೆ ಹಾಡು, ಕುಣಿತ, ಬೈಗುಳದ ನಡುವೆ ಹೇಳುತ್ತದೆ.

ಕಥೆ ಸುಮ್ನೆ ಕಟ್ಟಿದ್ದಲ್ಲ. ನಿಕೋಲ್ಸ್ 1927ರಲ್ಲಿ ಬ್ರಿಸ್ಟಲ್‌ನಲ್ಲಿ ಹುಟ್ಟಿದವರು. ಮಹಾಯುದ್ಧ ಮುಗಿಯುವ ಹೊತ್ತಿಗೆ ಅವರನ್ನು ಸೇವೆಗೆ ಕರೆದರು. ವಾಯುಪಡೆಯಲ್ಲಿ ಕಲ್ಕತ್ತಾಗೆ ಬಂದರು. ಅಲ್ಲಿಂದ ಸಿಂಗಾಪುರಕ್ಕೆ. ಅಲ್ಲಿ ಸೇರಿಕೊಂಡದ್ದು ಕಂಬೈನ್ಡ್ ಸರ್ವಿಸಸ್ ಎಂಟರ್‌ಟೈನ್‌ಮೆಂಟ್ ಎಂಬ ತಂಡವನ್ನು. ಅವರ ಜೊತೆಗೆ ಯಾರಿದ್ದರು ನೋಡಿ. ಮುಂದೆ ಬ್ರಿಟನ್ನಿನ ಮನೆಮಾತಾದ ಹಾಸ್ಯನಟ ಕೆನೆತ್ ವಿಲಿಯಮ್ಸ್. ಸ್ಕಾಟ್ಲೆಂಡಿನ ಸ್ಟ್ಯಾನ್ಲಿ ಬ್ಯಾಕ್ಸ್‌ಟರ್. ಮುಂದೆ ಆಸ್ಕರ್ ಗೆದ್ದ ನಿರ್ದೇಶಕ ಜಾನ್ ಶ್ಲೆಸಿಂಜರ್. ಇವರೆಲ್ಲ ಆಗ ಇಪ್ಪತ್ತರ ಆಸುಪಾಸಿನ ಹುಡುಗರು, ಸೈನ್ಯದ ಸಂಬಳ ಎಣಿಸುತ್ತ ಬಿಸಿಲಲ್ಲಿ ಬೆವರುತ್ತಿದ್ದವರು. ಅವರ ಮೊದಲ ರಂಗಮಂದಿರ ಬ್ಯಾರಕ್ಕು.

ಈ ತಂಡಗಳ ಹಿಂದೆಯೂ ಒಂದು ಚರಿತ್ರೆ ಇದೆ. 1939ರಲ್ಲಿ ಯುದ್ಧ ಶುರುವಾದಾಗ ಬ್ರಿಟನ್ ಸೈನಿಕರ ಮನರಂಜನೆಗೆ ಎನ್ಸಾ ಎಂಬ ಸಂಸ್ಥೆ ಕಟ್ಟಿತು. ಬೇಸಿಲ್ ಡೀನ್ ಅದರ ಮುಖ್ಯಸ್ಥ. ಡ್ರೂರಿ ಲೇನ್ ಥಿಯೇಟರ್ ಅದರ ಕಚೇರಿ. ಅಲ್ಲಿಂದ ಗಾಯಕರು, ಜಾದೂಗಾರರು, ಕುಣಿಯುವ ಹುಡುಗಿಯರು ಜಗತ್ತಿನ ಮೂಲೆಮೂಲೆಯ ರಣರಂಗಕ್ಕೆ ಹೋದರು. ಗಾಯಕಿ ವೆರಾ ಲಿನ್ 1944ರಲ್ಲಿ ಬರ್ಮಾ ಗಡಿಯವರೆಗೂ ಬಂದು ಹಾಡಿದ್ದರು. ಯುದ್ಧ ಮುಗಿದ ಮೇಲೆ ಎನ್ಸಾ ಮುಚ್ಚಿತು. ಆದರೆ ಸಾಮ್ರಾಜ್ಯದ ಮೂಲೆಗಳಲ್ಲಿ ಸೈನಿಕರು ಇನ್ನೂ ಇದ್ದರು. ಅವರನ್ನು ನಗಿಸುವ ಕೆಲಸ ಈ ಹೊಸ ತಂಡಕ್ಕೆ ಬಂತು. ಸಿನಿಮಾದಲ್ಲಿ ಅದಕ್ಕೆ ಬೇರೆ ಹೆಸರು: ಸಾಂಗ್ ಆಂಡ್ ಡಾನ್ಸ್ ಯೂನಿಟ್, ಸೌತ್ ಈಸ್ಟ್ ಏಷ್ಯಾ.

ಇಲ್ಲಿ ಸ್ವಲ್ಪ ಹೊತ್ತು ಸಿಂಗಾಪುರದ ಪಕ್ಕದ ಮಲಯಾ, ಅಂದರೆ ಈಗಿನ ಮಲೇಷ್ಯಾದ ಕಡೆ ನೋಡಬೇಕು. ಅದು ಗೊತ್ತಿಲ್ಲದೆ ಈ ಸಿನಿಮಾದ ನಗು ಪೂರ್ತಿ ಹತ್ತುವುದಿಲ್ಲ.

1942ರ ಫೆಬ್ರವರಿ 15ರಂದು ಸಿಂಗಾಪುರ ಜಪಾನೀಯರ ಕೈಗೆ ಬಿತ್ತು. ಸೆರೆಯಾದವರಲ್ಲಿ ಭಾರತೀಯ ಸೈನಿಕರೇ 40,000ಕ್ಕೂ ಹೆಚ್ಚು. ನಮ್ಮ ಮೈಸೂರು ಸಂಸ್ಥಾನದ ಕಾಲಾಳು ಪಡೆಯೂ ಅಲ್ಲಿತ್ತು. ಆಸ್ಟ್ರೇಲಿಯನ್ ಕೈದಿಗಳು ಚಾಂಗಿ ಸೆರೆಶಿಬಿರದಲ್ಲಿ ಒಂದು ನಾಟಕ ತಂಡವನ್ನೇ ಕಟ್ಟಿಕೊಂಡರು. ಕೈಗೆ ಸಿಕ್ಕ ಚಿಂದಿಯಲ್ಲಿ ವೇಷ ಹೊಲಿದರು. ಹೆಣ್ಣಿನ ಪಾತ್ರಕ್ಕೂ ಗಂಡಸರೇ. ಅರೆಹೊಟ್ಟೆಯಲ್ಲಿದ್ದವರು ಸಂಜೆಯಾದರೆ ಹಾಡುತ್ತಿದ್ದರು.

ಜಪಾನೀಯರ ವಿರುದ್ಧ ಕಾಡಿನಲ್ಲಿ ಹೋರಾಡಿದವರು ಮುಖ್ಯವಾಗಿ ಮಲಯಾದ ಚೀನೀ ಕಮ್ಯುನಿಸ್ಟರು. ಅವರಿಗೆ ಬ್ರಿಟಿಷರು ಬಂದೂಕು ಕೊಟ್ಟರು. ಅವರ ನಾಯಕರಲ್ಲೊಬ್ಬನಾದ ಚಿನ್ ಪೆಂಗ್‌ಗೆ ಬ್ರಿಟಿಷ್ ಸರ್ಕಾರ ಪದವಿ ಕೊಟ್ಟು ಗೌರವಿಸಿತು. ಮೂರೇ ವರ್ಷದಲ್ಲಿ ಎಲ್ಲ ತಿರುಗಿತು. 1948ರ ಜೂನ್ 16ರಂದು ಪೆರಾಕ್ ರಾಜ್ಯದ ಸುಂಗೈ ಸಿಪುಟ್‌ನಲ್ಲಿ ಮೂವರು ಯುರೋಪಿಯನ್ ತೋಟದ ದೊರೆಗಳ ಕೊಲೆಯಾಯಿತು. ಸರ್ಕಾರ ತುರ್ತು ಪರಿಸ್ಥಿತಿ ಸಾರಿತು. ಅದು ಮುಗಿದದ್ದು 1960ರಲ್ಲಿ. ನಡುವೆ 1957ರಲ್ಲಿ ಮಲಯಾ ಸ್ವತಂತ್ರವೂ ಆಗಿತ್ತು. ಹನ್ನೆರಡು ವರ್ಷದ ಈ ಕಾಳಗವನ್ನು ಬ್ರಿಟಿಷರು ಯುದ್ಧ ಅಂತ ಕರೆಯಲೇ ಇಲ್ಲ. ಯುದ್ಧ ಅಂದರೆ ರಬ್ಬರ್ ತೋಟಕ್ಕೂ ತವರದ ಗಣಿಗೂ ವಿಮೆ ಸಿಗುತ್ತಿರಲಿಲ್ಲ ಎನ್ನುವುದು ಸಾಮಾನ್ಯವಾಗಿ ಹೇಳುವ ಕಾರಣ. ಯುದ್ಧದಿಂದ ಸಾಲದಲ್ಲಿ ಮುಳುಗಿದ್ದ ಬ್ರಿಟನ್ನಿಗೆ ಡಾಲರ್ ತಂದುಕೊಡುತ್ತಿದ್ದದ್ದೇ ಆ ರಬ್ಬರು, ಆ ತವರ. ಆ ರಬ್ಬರ್ ತೋಟಗಳಲ್ಲಿ ಹಾಲು ಇಳಿಸುತ್ತಿದ್ದವರಲ್ಲಿ ತಮಿಳುನಾಡಿನಿಂದ ಹೋದ ಕೂಲಿಗಳು ಬಹಳ.

ಇಂಥ ಜಾಗಕ್ಕೆ, ಇಂಥ ವರ್ಷದಲ್ಲಿ, ಹಾಡುವ ಕುಣಿಯುವ ಒಂದು ತಂಡವನ್ನು ಕಳಿಸುತ್ತಾರೆ. ಅವರಲ್ಲಿ ಹೆಚ್ಚಿನವರಿಗೆ ಯಾರ ಮೇಲೆ ಯಾರಿಗೆ ಸಿಟ್ಟು ಅನ್ನುವುದೇ ಗೊತ್ತಿಲ್ಲ.

ಸಿನಿಮಾ ಶುರುವಾಗುವುದು ಸ್ಟೀವನ್ ಫ್ಲವರ್ಸ್ ಎಂಬ ಹುಡುಗ ಈ ತಂಡಕ್ಕೆ ಬಂದು ಸೇರುವುದರಿಂದ. ಓದಿಕೊಂಡ ಹುಡುಗ. ಲೋಕ ನೋಡಿಲ್ಲ. ಬಂದ ಕೂಡಲೇ ಅವನಿಗೆ ಎದುರಾಗುವವನು ಟೆರಿ. ಟೆರಿಗೆ ಒಂದು ಅಭ್ಯಾಸ. ಗಂಡಸರನ್ನೆಲ್ಲ ಹೆಣ್ಣಿನ ಹೆಸರಿಟ್ಟು ಕರೆಯುತ್ತಾನೆ. ಬರ್ನಾರ್ಡ್ ಶಾ ಅವನ ಬಾಯಲ್ಲಿ ಬರ್ನಾಡೆಟ್ ಶಾ. ಹುಡುಗನಿಗೆ ಮೊದಲು ಕಂಗಾಲು. ಆಮೇಲೆ ನಿಧಾನವಾಗಿ ತಿಳಿಯುತ್ತದೆ, ಇವನು ತನ್ನನ್ನು ಪರೀಕ್ಷಿಸುತ್ತಿಲ್ಲ, ಸಲಿಗೆ ಕೊಡುತ್ತಿದ್ದಾನೆ ಅಂತ. ಮನೆ ಬಿಟ್ಟು ಸಾವಿರಾರು ಮೈಲಿ ದೂರ ಬಂದ ಹುಡುಗನಿಗೆ ಬೇಕಾದದ್ದು ಅದೇ ಅಲ್ವಾ?

ತಂಡದಲ್ಲಿ ಇನ್ನಿಬ್ಬರಿದ್ದಾರೆ. ಲೆನ್ ಬಾನಿ, ಚಾರ್ಲ್ಸ್ ಬಿಷಪ್. ಲೆನ್ ಬಾಯಿ ತೆರೆದರೆ ಬೈಗುಳ. ಒಂದು ವಾಕ್ಯದಲ್ಲಿ ನಾಲ್ಕು ಕೆಟ್ಟ ಮಾತು ಬರದಿದ್ದರೆ ಅವನಿಗೆ ಹುಷಾರಿಲ್ಲ ಅಂತಲೇ ಅರ್ಥ. ಚಾರ್ಲ್ಸ್ ಮೆತ್ತಗಿನವನು. ಇಬ್ಬರೂ ಗಂಡಹೆಂಡಿರ ಹಾಗೆ ಬಾಳುತ್ತಾರೆ. ಯಾರೂ ಅದರ ಬಗ್ಗೆ ಭಾಷಣ ಮಾಡುವುದಿಲ್ಲ. ಜಗಳ ಆಡುತ್ತಾರೆ, ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತಾರೆ, ಅಷ್ಟೆ. 1948ರಲ್ಲಿ ಇಂಗ್ಲೆಂಡಿನಲ್ಲಿ ಇದು ಜೈಲಿಗೆ ಹಾಕುವ ಅಪರಾಧ. ಕಾನೂನು ಸಡಿಲವಾದದ್ದು 1967ರಲ್ಲಿ, ಅದೂ ಸೈನ್ಯದವರಿಗಲ್ಲ. ಸೈನ್ಯದಲ್ಲಿ ಈ ನಿಷೇಧ ಹೋಗಲು 2000ನೇ ಇಸವಿ ಬರಬೇಕಾಯಿತು. ಇದೇ ಬ್ರಿಟಿಷರು ಇಂಥ ಸಂಬಂಧವನ್ನು ಅಪರಾಧ ಅನ್ನುವ 377ನೇ ಕಲಮನ್ನು ನಮಗೂ ಬಿಟ್ಟುಹೋದರು, ಮಲಯಾ ಸಿಂಗಾಪುರಕ್ಕೂ ಬಿಟ್ಟುಹೋದರು. ನಮ್ಮಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂದದ್ದು 2018ರ ಸೆಪ್ಟೆಂಬರಿನಲ್ಲಿ. ಸಿಂಗಾಪುರದ ಸಂಸತ್ತು 377ಎ ಕಲಮನ್ನು ತೆಗೆದುಹಾಕಿದ್ದು 2022ರಲ್ಲಿ. ಅಂದರೆ ಕಥೆ ನಡೆಯುವ ಆ ಊರಲ್ಲೇ ಲೆನ್ ಮತ್ತು ಚಾರ್ಲ್ಸ್ ಥರದವರು ಇನ್ನೂ 74 ವರ್ಷ ಕಾಯಬೇಕಿತ್ತು. ಇದನ್ನು ತಲೆಯಲ್ಲಿಟ್ಟುಕೊಂಡು ನೋಡಿದರೆ ಲೆನ್‌ನ ಪ್ರತಿ ಬೈಗುಳವೂ ಬೇರೆ ಥರ ಕೇಳಿಸುತ್ತದೆ. ಅಷ್ಟು ಒರಟು ಬಾಯಿ ಇದ್ದವನ ಮೇಲೆ ಯಾರಿಗೂ ಸುಲಭಕ್ಕೆ ಅನುಮಾನ ಬರುವುದಿಲ್ಲ.

ಹಾಡುಗಳಿಗೆ ಸಂಗೀತ ಡೆನಿಸ್ ಕಿಂಗ್ ಅವರದು, ಸಾಹಿತ್ಯ ನಿಕೋಲ್ಸ್ ಅವರದೇ. ಎಲ್ಲವೂ ಆ ಕಾಲದ ಜನಪ್ರಿಯ ಹಾಡುಗಳ ಧಾಟಿಯಲ್ಲಿ ಹೊಸದಾಗಿ ಕಟ್ಟಿದವು. ನನಗೆ ಬಹಳ ಹಿಡಿಸಿದ್ದು ನೋಯಲ್ ಕವರ್ಡ್ ಧಾಟಿಯ ಹಾಡು. ಗೆದ್ದವರು ನಾವೇ ಅಲ್ಲವೇ, ಹಾಗಿದ್ದರೆ ನಮ್ಮ ಪಾಡು ಯಾಕೆ ಹೀಗೆ, ದಯವಿಟ್ಟು ಯಾರಾದರೂ ತಿಳಿಸಿ ಎನ್ನುವ ಅರ್ಥದ ಹಾಡು. ಟೆರಿ ಅದನ್ನು ನಯವಾಗಿ, ಒಂದೊಂದು ಪದವನ್ನೂ ಕತ್ತರಿಸಿ ಇಟ್ಟ ಹಾಗೆ ಹಾಡುತ್ತಾನೆ. ಕೇಳಲು ಸಭ್ಯ ತಮಾಷೆ. ಒಳಗೆ ಒಂದು ಇಡೀ ತಲೆಮಾರಿನ ಸಂಕಟ. ಇಂಗ್ಲೆಂಡಿನಲ್ಲಿ ಆಗ ಎಲ್ಲದಕ್ಕೂ ರೇಷನ್. ಊರುಗಳ ತುಂಬ ಬಾಂಬು ಬಿದ್ದ ಮನೆಗಳು. ಮನೆಗೆ ಹೋಗಬೇಕಿದ್ದ ಹುಡುಗರನ್ನು ಯಾರದೋ ರಬ್ಬರ್ ತೋಟ ಕಾಯಲು ಇಟ್ಟುಕೊಂಡಿದ್ದಾರೆ. ಸಿಪಾಯಿ ಇದನ್ನು ಪರೇಡ್ ಮೈದಾನದಲ್ಲಿ ಕೇಳಿದರೆ ಕೋರ್ಟ್ ಮಾರ್ಷಲ್. ವೇದಿಕೆಯಲ್ಲಿ ಹಾಡಿದರೆ ಚಪ್ಪಾಳೆ.

ಇನ್ನು ಮೇಜರ್ ಜೈಲ್ಸ್ ಫ್ಲ್ಯಾಕ್. ಜಾನ್ ಕ್ಲೀಸ್ ಮಾಡಿರುವ ಪಾತ್ರ.

ಕ್ಲೀಸ್ ಅಂದರೆ ಉದ್ದ ಕಾಲು, ಕಿರುಚಾಟ, ಮುಜುಗರ ಅಂತ ನಮಗೆಲ್ಲ ಗೊತ್ತು. ಇಲ್ಲಿ ಅವರು ಸಾಕಷ್ಟು ತಡೆದುಕೊಂಡು ನಟಿಸಿದ್ದಾರೆ. ಫ್ಲ್ಯಾಕ್ ಕೆಟ್ಟವನಲ್ಲ. ಲಂಚ ತಿನ್ನುವುದಿಲ್ಲ. ಹೆಂಗಸರ ಸಹವಾಸ ಇಲ್ಲ. ಹುಡುಗರಿಗೆ ಒಳ್ಳೆಯದಾಗಲಿ ಅಂತ ನಿಜವಾಗಿಯೂ ಬಯಸುವವನು. ಅವನಿಗೆ ಕಮ್ಯುನಿಸಂ ವಿರುದ್ಧದ ಹೋರಾಟ ಕ್ರಿಸ್ತನ ಕೆಲಸ. ಏಷ್ಯಾದ ಕಾಡಿನಲ್ಲಿ ತಾನು ದೇವರ ಸೈನ್ಯದ ಮುಂಚೂಣಿಯಲ್ಲಿದ್ದೇನೆ ಅಂತ ಅವನ ನಂಬಿಕೆ. ತಂಡದವರು ಎದುರಿಗೆ ಆಡುವ ಪೋಲಿ ಮಾತಿನಲ್ಲಿ ಅರ್ಧ ಅವನಿಗೆ ಅರ್ಥವೇ ಆಗುವುದಿಲ್ಲ. ಲೆನ್ ಮತ್ತು ಚಾರ್ಲ್ಸ್ ವಿಷಯ ಅವನ ತಲೆಗೇ ಹೊಳೆಯುವುದಿಲ್ಲ. ನಗು ಬರುವುದು ಅವನ ಈ ಮುಗ್ಧತೆಗೆ. ಹಾಗೆ ನಗುತ್ತಿರುವಾಗಲೇ ಅವನು ತಂಡವನ್ನು ಕರೆದುಕೊಂಡು ಕಾಡಿನೊಳಗೆ ನಡೆಯುತ್ತಾನೆ.

ಈ ಭಾಗ ನೋಡುವಾಗ ನನಗೆ ನಿಜಕ್ಕೂ ಸಿಟ್ಟು ಬಂತು. ಸುತ್ತ ಏನಿದೆ ಅಂತ ನೋಡದ ಒಳ್ಳೆಯತನ ಎಷ್ಟು ದುಬಾರಿ! ತಂಡದ ಸಾರ್ಜೆಂಟ್ ಮೇಜರ್ ಡ್ರಮಂಡ್ ಬಂದೂಕು ಕದ್ದು ಮಾರುವ ಕಳ್ಳ. ಅವನು ದುಷ್ಟ ಅಂತ ಎಲ್ಲರಿಗೂ ಗೊತ್ತು, ಎಲ್ಲರೂ ಹುಷಾರಾಗಿರುತ್ತಾರೆ. ಫ್ಲ್ಯಾಕ್ ವಿಷಯದಲ್ಲಿ ಹುಷಾರಾಗಿರಬೇಕು ಅಂತ ಯಾರಿಗೂ ಅನ್ನಿಸುವುದಿಲ್ಲ. ಅವನ ಕೈಯಲ್ಲಿ ಬೈಬಲ್ ಇದೆ, ಬೆನ್ನು ನೆಟ್ಟಗಿದೆ, ಮಾತು ಸಭ್ಯವಾಗಿದೆ. ಕೊನೆಗೆ ಕಾಡಿನಲ್ಲಿ ಗುಂಡು ಹಾರಿದಾಗ ಸಾಯುವವನು ಲೆನ್. ಅಷ್ಟು ಹೊತ್ತು ಒಂದೇ ಸಮನೆ ಬೈಯುತ್ತಿದ್ದ ಬಾಯಿ ನಿಂತುಹೋಗುತ್ತದೆ. ಚಾರ್ಲ್ಸ್‌ಗೆ ಅಳುವ ಹಕ್ಕೂ ಇಲ್ಲ. ಯಾವ ಕಾಗದದಲ್ಲೂ ಅವನು ಲೆನ್‌ಗೆ ಯಾರೂ ಅಲ್ಲ. ಸೈನ್ಯ ತಾರು ಕಳಿಸುವುದು ರಕ್ತಸಂಬಂಧಿಗಳಿಗೆ ಮಾತ್ರ.

ಸಿಲ್ವಿಯಾ ಮಾರ್ಗನ್ ವಿಷಯಕ್ಕೆ ಬರುತ್ತೇನೆ. ತಂಡದಲ್ಲಿ ಕುಣಿಯುವ ಏಕೈಕ ಹೆಣ್ಣು. ಅರ್ಧ ವೇಲ್ಸ್ ರಕ್ತ, ಅರ್ಧ ಭಾರತದ ರಕ್ತ. ನಾವು ಆಂಗ್ಲೋ ಇಂಡಿಯನ್ ಅನ್ನುತ್ತೇವಲ್ಲ, ಹಾಗೆ. ಇಂಗ್ಲೆಂಡ್ ನೋಡಿಯೇ ಇಲ್ಲ, ಆದರೂ ಅದೇ ತನ್ನ ಊರು ಅನ್ನುತ್ತಾಳೆ. ಬೆಂಗಳೂರಿನ ಕಂಟೋನ್ಮೆಂಟಿನಲ್ಲಿ, ಕೋಲಾರದ ಚಿನ್ನದ ಗಣಿಯಲ್ಲಿ, ಹುಬ್ಬಳ್ಳಿಯ ರೈಲ್ವೆ ಕಾಲೊನಿಯಲ್ಲಿ 1947ರ ನಂತರ ಎಷ್ಟೋ ಆಂಗ್ಲೋ ಇಂಡಿಯನ್ ಮನೆಗಳು ಇದೇ ದಾರಿ ನೋಡುತ್ತಿದ್ದವು. ಸ್ಟೀವನ್ ಅವಳನ್ನು ಪ್ರೀತಿಸುತ್ತಾನೆ. ಮದುವೆ ಅಂದಾಗ ಹಿಂದೆ ಸರಿಯುತ್ತಾನೆ. ಅವಳ ಹೊಟ್ಟೆಯಲ್ಲಿರುವ ಮಗುವಿಗೆ ಅಪ್ಪನ ಹೆಸರು ಕೊಡಲು ಮುಂದೆ ಬರುವವನು ಟೆರಿ. ಹೆಣ್ಣಿನ ಮೇಲೆ ಆಸೆಯೇ ಇಲ್ಲದ ಮನುಷ್ಯ ಅವಳನ್ನು ಮದುವೆಯಾಗಿ ಊರಿಗೆ ಕರೆದುಕೊಂಡು ಹೋಗುತ್ತೇನೆ ಅನ್ನುತ್ತಾನೆ. ಕ್ವಿಲಿ ಇಲ್ಲಿ ಅಭಿನಯವನ್ನು ಎಷ್ಟು ತಗ್ಗಿಸುತ್ತಾರೆ ಅಂದರೆ, ಅಷ್ಟು ಹೊತ್ತು ಮೆರೆದ ವೇಷ, ಒನಪು ಎಲ್ಲ ಬದಿಗೆ ಸರಿದು ಒಬ್ಬ ವಯಸ್ಸಾದ ಕಲಾವಿದ ಕಾಣುತ್ತಾನೆ. ನಾಟಕದಲ್ಲೂ ಇದೇ ಪಾತ್ರ ಮಾಡಿದ್ದವರು ಅವರು. ಪಾತ್ರ ಅವರ ಮೈಗೆ ಹತ್ತಿ ಹೋಗಿತ್ತು.

ಹೆಣ್ಣುವೇಷದ ಬಗ್ಗೆ ನಮ್ಮವರಿಗೆ ಹೆಚ್ಚು ಹೇಳಬೇಕಿಲ್ಲ. ಕಂಪನಿ ನಾಟಕ ನೋಡಿ ಬೆಳೆದ ಊರು ನಮ್ಮದು. ಯಕ್ಷಗಾನದಲ್ಲಿ ಕೋಳ್ಯೂರು ರಾಮಚಂದ್ರ ರಾಯರ ಸ್ತ್ರೀವೇಷ ನೋಡಿದವರು ಅದನ್ನು ನೋಡಿ ನಗಲಿಲ್ಲ, ಕೈಮುಗಿದರು. ಇಂಗ್ಲಿಷರ ರಂಗಭೂಮಿಯಲ್ಲಿ ಗಂಡಸು ಸೀರೆಯಲ್ಲಿ, ಅಂದರೆ ಗೌನಿನಲ್ಲಿ ಬಂದರೆ ನಗಬೇಕು ಅನ್ನುವುದು ರೂಢಿ. ಅದಕ್ಕೇ ಟೆರಿಯ ವೇಷ ನೋಡಿ ಸಿಪಾಯಿಗಳು ಮೊದಲು ಕೇಕೆ ಹಾಕುತ್ತಾರೆ. ನಿಕೋಲ್ಸ್ ಆ ರೂಢಿಯನ್ನೇ ಹಿಡಿದು, ನಗುವವರ ಕೈಯಲ್ಲೇ ಆ ಮನುಷ್ಯನನ್ನು ಗೌರವಿಸುವ ಹಾಗೆ ಮಾಡುತ್ತಾರೆ. ಅದು ಸಣ್ಣ ಕೆಲಸವಲ್ಲ.

ನನ್ನ ಸೋದರಮಾವ ಸೈನ್ಯದಲ್ಲಿದ್ದವರು. ಬೆಂಗಳೂರಿನ ಹಲಸೂರು ಹತ್ತಿರ ಕೇಂದ್ರವಿರುವ ಮದ್ರಾಸ್ ಸ್ಯಾಪರ್ಸ್, ಎಲ್ಲರೂ ತಂಬಿಗಳು ಅಂತ ಕರೆಯುವ ಪಡೆ. ಕನ್ನಡ, ತಮಿಳು, ತೆಲುಗು, ಮಲಯಾಳ ಎಲ್ಲ ಒಂದೇ ಬ್ಯಾರಕ್ಕಿನಲ್ಲಿ. ಈ ಸಿನಿಮಾ ನೋಡಿದ ಮೇಲೆ ಅವರನ್ನು ಕೇಳಿದೆ, ‘ಮಾವ, ನಿಮ್ಮಲ್ಲೂ ಹೀಗೆ ಹಾಡು, ನಾಟಕ ಇರ್ತಿತ್ತಾ?’ ಅಂತ.

‘ಇಲ್ದೆ ಏನು? ಬಡಾ ಖಾನಾ ದಿನ ಬಂದು ನೋಡಬೇಕಿತ್ತು ನೀನು’ ಅಂದರು.

ಬಡಾ ಖಾನಾ ಅಂದರೆ ಜವಾನರು, ಅಧಿಕಾರಿಗಳು ಎಲ್ಲ ಒಟ್ಟಿಗೆ ಕೂತು ಮಾಡುವ ದೊಡ್ಡ ಊಟ. ಆ ದಿನ ಅಧಿಕಾರಿಗಳು ಜವಾನರಿಗೆ ಬಡಿಸುತ್ತಾರೆ. ಊಟಕ್ಕೆ ಮುಂಚೆ ಮನರಂಜನೆ. ಎರಡು ಲಾರಿ ಎದುರುಬದುರು ನಿಲ್ಲಿಸಿ ನಡುವೆ ಹಲಗೆ ಹಾಸಿದರೆ ಅದೇ ವೇದಿಕೆ. ಟಾರ್ಪಾಲಿನ್ ಪರದೆ. ಮಾವನ ಕಂಪನಿಯಲ್ಲಿ ನಾಯಕ್ ದರ್ಜೆಯ ಒಬ್ಬ ಜವಾನ ಇದ್ದನಂತೆ, ಅಡುಗೆಮನೆಯ ಕಡೆಯವನು, ಕಟ್ಟುಮಸ್ತಾದ ಆಳು. ಸುಬೇದಾರ್ ಸಾಹೇಬರ ಮನೆಯವರ ಸೀರೆ ಕೇಳಿ ತಂದು ಉಡುತ್ತಿದ್ದ. ಆ ಸೀರೆಗೆ ಒಂದು ಕಲೆ ಬೀಳಬಾರದು ಅಂತ ಕುಣಿಯುವಾಗಲೂ ಸೆರಗು ಎತ್ತಿ ಹಿಡಿದುಕೊಳ್ಳುತ್ತಿದ್ದನಂತೆ. ಅವನು ಹಾಡಿದರೆ ಮೊದಲು ಶಿಳ್ಳೆ. ಮೂರನೇ ಹಾಡಿನ ಹೊತ್ತಿಗೆ ಸದ್ದಿಲ್ಲ. ಅವನು ಹಾಡುತ್ತಿದ್ದದ್ದು ಊರಿನಲ್ಲಿ ಕಾಯುತ್ತಿರುವ ಹೆಂಡತಿಯ ಹಾಡು. ‘ಅವನಿಗೆ ಯಾರೂ ಒಂದು ಮಾತು ಅಂದಿಲ್ಲ ಕಣೋ. ಅವನು ನಮ್ಮೆಲ್ಲರ ಹೆಂಡ್ತೀರ ಪರವಾಗಿ ಹಾಡ್ತಿದ್ದ’ ಅಂದರು ಮಾವ.

ಅದೇ ವೇದಿಕೆಯಲ್ಲಿ ಇನ್ನೊಬ್ಬ ಹುಡುಗ ಕಮಾಂಡಿಂಗ್ ಆಫೀಸರ್ ಹೇಗೆ ನಡೆಯುತ್ತಾರೆ, ಹೇಗೆ ಕೆಮ್ಮುತ್ತಾರೆ ಅಂತ ಮಾಡಿ ತೋರಿಸುತ್ತಿದ್ದನಂತೆ. ಸಾಹೇಬರು ಮುಂದಿನ ಸಾಲಿನಲ್ಲೇ ಕೂತು ಎಲ್ಲರಿಗಿಂತ ಜಾಸ್ತಿ ನಗುತ್ತಿದ್ದರು. ಮರುದಿನ ಬೆಳಗ್ಗೆ ಪಿಟಿಗೆ ಅದೇ ಹುಡುಗ, ಅದೇ ಸಾಹೇಬರು. ಯಾರ ಮುಖದಲ್ಲೂ ಹಿಂದಿನ ರಾತ್ರಿಯ ಸುಳಿವಿಲ್ಲ. ಪ್ರೆಶರ್ ಕುಕ್ಕರಿಗೆ ಸೀಟಿ ಇದ್ದ ಹಾಗೆ ಸೈನ್ಯಕ್ಕೆ ಈ ಒಂದು ರಾತ್ರಿ. ಮಾವ ಇದನ್ನೆಲ್ಲ ಹೇಳುವಾಗ ನನಗೆ ಫ್ಲ್ಯಾಕ್ ನೆನಪಾದ. ಅವನ ತೊಂದರೆ ಏನೆಂದರೆ, ಮುಂದಿನ ಸಾಲಿನಲ್ಲಿ ಕೂತು ನೋಡಿದರೂ ವೇದಿಕೆಯ ಮೇಲೆ ತನ್ನ ಹುಡುಗರು ಏನು ಹೇಳುತ್ತಿದ್ದಾರೆ ಅಂತ ಅವನ ಕಿವಿಗೆ ಬೀಳುವುದಿಲ್ಲ.

ಸಿನಿಮಾದಲ್ಲಿ ಕೊರತೆಗಳಿವೆ. ಅವನ್ನೂ ಹೇಳಬೇಕು.

ಮೊದಲನೆಯದು ಸಿಲ್ವಿಯಾ ಪಾತ್ರಕ್ಕೆ ನಿಕೋಲಾ ಪ್ಯಾಜೆಟ್ ಎಂಬ ಬಿಳಿ ನಟಿಯನ್ನು ಹಾಕಿದ್ದು. ನಟಿ ಚೆನ್ನಾಗಿಯೇ ಮಾಡಿದ್ದಾರೆ. ಆದರೆ ಬಣ್ಣದ ಕಾರಣಕ್ಕೇ ಕೈಬಿಡುವ ಹೆಣ್ಣಿನ ಕಥೆಯಲ್ಲಿ ಆ ಬಣ್ಣ ಮೇಕಪ್ಪಿನದಾದರೆ ನೋವಿನ ತೂಕ ಇಳಿದುಬಿಡುತ್ತದೆ. ಆ ಕಾಲದ ಬ್ರಿಟಿಷ್ ಮನರಂಜನೆಯಲ್ಲಿ ಇದು ಮಾಮೂಲು. ನಮ್ಮ ನಾಸಿಕ್ ಪಕ್ಕದ ದೇವಳಾಲಿಯಲ್ಲಿ ಇಂಥದೇ ಸೈನಿಕ ತಂಡದ ಕಥೆ ಹೇಳುವ ‘ಇಟ್ ಎಯ್ಂಟ್ ಹಾಫ್ ಹಾಟ್ ಮಮ್’ ಎಂಬ ಹಾಸ್ಯ ಧಾರಾವಾಹಿ ಬಿಬಿಸಿಯಲ್ಲಿ 1974ರಿಂದ 1981ರವರೆಗೆ ಬಂತು. ಅದನ್ನು ಬರೆದ ಇಬ್ಬರಲ್ಲಿ ಒಬ್ಬರಾದ ಜಿಮ್ಮಿ ಪೆರಿ ದೇವಳಾಲಿಯ ತಂಡದಲ್ಲಿ ಸ್ವತಃ ಇದ್ದವರು. ಅಲ್ಲೂ ಭಾರತೀಯ ಬೇರರ್ ರಂಗಿ ರಾಮ್ ಪಾತ್ರವನ್ನು ಮುಖಕ್ಕೆ ಬಣ್ಣ ಬಳಿದುಕೊಂಡು ಮಾಡಿದ್ದು ಮೈಕೆಲ್ ಬೇಟ್ಸ್ ಎಂಬ ಇಂಗ್ಲಿಷ್ ನಟ. ಬೇಟ್ಸ್ ಹುಟ್ಟಿದ್ದು ಝಾನ್ಸಿಯಲ್ಲಿ, ಹಿಂದೂಸ್ತಾನಿ ಚೆನ್ನಾಗಿ ಬರುತ್ತಿತ್ತು, ಯುದ್ಧದಲ್ಲಿ ಗೂರ್ಖಾ ಪಡೆಯ ಅಧಿಕಾರಿಯಾಗಿದ್ದವರು. ಪ್ರೀತಿಯಿಂದಲೇ ಮಾಡಿರಬಹುದು. ಆದರೂ ಇವತ್ತು ನೋಡಲು ಕಷ್ಟ. ಆ ಧಾರಾವಾಹಿಯಲ್ಲಿ ಹೆಣ್ಣುವೇಷ ಹಾಕುವವರೂ ಬರೀ ಗೇಲಿಯ ವಸ್ತು. ಸಾರ್ಜೆಂಟ್ ಮೇಜರ್ ಕಿರುಚುತ್ತಾನೆ, ಸ್ಟುಡಿಯೋದಲ್ಲಿ ಕೂತವರು ನಗುತ್ತಾರೆ. ಎರಡನ್ನೂ ಹತ್ತಿರ ಹತ್ತಿರ ಇಟ್ಟು ನೋಡಿದಾಗ ನಿಕೋಲ್ಸ್ ಎಷ್ಟು ಮುಂದೆ ಹೋಗಿದ್ದರು ಅಂತ ತಿಳಿಯುತ್ತದೆ.

ಎರಡನೆಯದು ಲೀ ಮತ್ತು ಚೆಂಗ್. ತಂಡದ ಸಾಮಾನು ಹೊರುವ, ಪರದೆ ಎಳೆಯುವ ಇಬ್ಬರು ಚೀನೀಯರು. ಅವರಿಗೆ ಮಾತೇ ಇಲ್ಲ ಅನ್ನುವಷ್ಟು ಕಡಿಮೆ ಮಾತು. ಬೇಕಂತಲೇ ಹಾಗೆ ಬರೆದದ್ದು ಅಂತ ಗೊತ್ತು. ತಂಡದವರು ಎಷ್ಟು ಬಾಯಿಬಡುಕರೋ ಇವರು ಅಷ್ಟು ಮೌನಿಗಳು. ನೋಡುತ್ತಿರುತ್ತಾರೆ, ಕೇಳಿಸಿಕೊಳ್ಳುತ್ತಿರುತ್ತಾರೆ. ಆ ನೆಲ ನಾಳೆ ಅವರದು. ರಂಗದ ಮೇಲೆ ಈ ಮೌನಕ್ಕೆ ದೊಡ್ಡ ಬಲವಿರಬಹುದು. ಮೂಲೆಯಲ್ಲಿ ನಿಂತವನನ್ನು ನಾವು ನಾಟಕ ಮುಗಿಯುವ ತನಕ ನೋಡುತ್ತಲೇ ಇರುತ್ತೇವೆ. ಸಿನಿಮಾದಲ್ಲಿ ಕ್ಯಾಮೆರಾ ಅವರ ಕಡೆ ತಿರುಗದಿದ್ದರೆ ಅವರು ಇಲ್ಲವೇ ಇಲ್ಲ. 1948ರ ಡಿಸೆಂಬರಿನಲ್ಲಿ ಮಲಯಾದ ಬಟಾಂಗ್ ಕಾಲಿ ಎಂಬಲ್ಲಿ ಬ್ರಿಟಿಷ್ ಸೈನ್ಯದ ಸ್ಕಾಟ್ಸ್ ಗಾರ್ಡ್ಸ್ ಪಡೆಯವರು ನಿರಾಯುಧರಾದ 24 ಹಳ್ಳಿಗರನ್ನು ಗುಂಡಿಟ್ಟು ಕೊಂದರು. ಅವರೂ ಚೀನೀಯರೇ. ಅದೇ ವರ್ಷ, ಅದೇ ದೇಶದ ಕಥೆ ಹೇಳುವಾಗ ಲೀ ಮತ್ತು ಚೆಂಗ್ ಮುಖವನ್ನು ಇನ್ನಷ್ಟು ಹತ್ತಿರದಿಂದ ನೋಡಬೇಕಿತ್ತು ಅಂತ ನನ್ನ ಅಭಿಪ್ರಾಯ.

ಮತ್ತೆ, ಚಿತ್ರೀಕರಣವೆಲ್ಲ ಇಂಗ್ಲೆಂಡಿನಲ್ಲೇ. ಕಾಡು ಕಾಡಿನ ಹಾಗಿಲ್ಲ, ಬಿಸಿಲು ಬಿಸಿಲಿನ ಹಾಗಿಲ್ಲ. ಇದು ನನಗೆ ದೊಡ್ಡ ತೊಂದರೆ ಅನ್ನಿಸಲಿಲ್ಲ. ಹಾಡುಗಳ ನಡುವೆ ಎಲ್ಲವೂ ರಂಗಸಜ್ಜಿಕೆಯ ಹಾಗೆ ಕಂಡರೆ ತಪ್ಪೇನು?

ಇಷ್ಟೆಲ್ಲ ಬರೆಯುತ್ತಿರುವಾಗ ನಮ್ಮ ಕಡೆಯ ಕಥೆ ಪದೇ ಪದೇ ಕಾಡುತ್ತಿದೆ. ವೆರಾ ಲಿನ್ ಬರ್ಮಾ ಗಡಿಗೆ ಬಂದು ಹಾಡಿದ್ದು ಎಲ್ಲರಿಗೂ ಗೊತ್ತು. ಅದೇ ರಣರಂಗದಲ್ಲಿ ಕಾದಿದ ಬ್ರಿಟಿಷರ ಹದಿನಾಲ್ಕನೇ ಸೈನ್ಯದಲ್ಲಿ ಹೆಚ್ಚಿನವರು ಭಾರತೀಯರು. ಅವರನ್ನು ನಗಿಸಲು, ಅವರ ಭಾಷೆಯಲ್ಲಿ ಹಾಡಲು ಫೌಜಿ ದಿಲ್‌ಖುಶ್ ಸಭಾ ಎಂಬ ವ್ಯವಸ್ಥೆ ಇತ್ತು. ಅದರ ಹೆಸರು ಕೇಳಿದವರೇ ಈಗ ಕಡಿಮೆ. ಸ್ವಾತಂತ್ರ್ಯದ ನಂತರ ಸುನಿಲ್ ದತ್ ಮತ್ತು ನರ್ಗಿಸ್ ತಮ್ಮ ಅಜಂತಾ ಆರ್ಟ್ಸ್ ತಂಡ ಕಟ್ಟಿಕೊಂಡು ಗಡಿಯಲ್ಲಿರುವ ಜವಾನರ ಮುಂದೆ ಹಾಡಿ ಕುಣಿದು ಬಂದರು. ವಿವಿಧ ಭಾರತಿಯ ಜಯಮಾಲಾ ಕಾರ್ಯಕ್ರಮದಲ್ಲಿ ಫೌಜಿಗಳ ಮೆಚ್ಚಿನ ಹಾಡು ಕೇಳಿ ಬೆಳೆದವರು ನಾವು. ಅವೆಲ್ಲ ಹೊರಗಿನಿಂದ ಬಂದ ಕಲಾವಿದರು ಸೈನಿಕರಿಗೆ ಕೊಟ್ಟದ್ದು. ಸೈನಿಕನೇ ಸೈನಿಕನಿಗಾಗಿ ಹಾಡಿದ ಕಥೆ ನಮ್ಮ ಸಿನಿಮಾದಲ್ಲಿ ಎಲ್ಲಿದೆ? ಯುದ್ಧದ ಸಿನಿಮಾ ಮಾಡುವಾಗ ನಾವು ಬಡಾ ಖಾನಾ ದೃಶ್ಯವನ್ನು ಒಂದು ಹಾಡಿಗೆ ಮುಗಿಸಿಬಿಡುತ್ತೇವೆ. ಮರುದೃಶ್ಯದಲ್ಲಿ ಗುಂಡು ಹಾರುತ್ತದೆ.

ಕೊಡಗಿನಲ್ಲಿ, ಹಾಸನದಲ್ಲಿ, ಬೆಳಗಾವಿ ಕಡೆಯ ಹಳ್ಳಿಗಳಲ್ಲಿ ಸೈನ್ಯದಿಂದ ನಿವೃತ್ತರಾಗಿ ಬಂದವರ ಮನೆಗಳು ಬೇಕಾದಷ್ಟಿವೆ. ಅವರ ಪದಕ, ಫೋಟೊ ಗೋಡೆಯ ಮೇಲಿರುತ್ತವೆ. ಯಾರು ಹಾಡುತ್ತಿದ್ದರು, ಯಾರು ಸೀರೆ ಉಡುತ್ತಿದ್ದರು, ಯಾವ ಸಾಹೇಬರನ್ನು ಅಣಕಿಸುತ್ತಿದ್ದರು, ಯಾವ ಭಾಷೆಯ ಜೋಕಿಗೆ ಎಲ್ಲರೂ ನಗುತ್ತಿದ್ದರು ಎನ್ನುವುದನ್ನು ಯಾರೂ ಬರೆದಿಟ್ಟಿಲ್ಲ. ನಿಮ್ಮ ಮನೆಯಲ್ಲಿ ಅಂಥ ಅಜ್ಜನೋ, ಮಾವನೋ ಇದ್ದರೆ ಈ ವಾರವೇ ಕೂತು ಕೇಳಿ, ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ನಾನು ಮಾವನಿಂದ ಶುರು ಮಾಡಿದ್ದೇನೆ. ಆ ನಾಯಕ್ ಹಾಡುತ್ತಿದ್ದ ಮೂರನೇ ಹಾಡಿನ ಪಲ್ಲವಿ ಅವರಿಗೆ ನೆನಪಿದೆ, ಚರಣ ಮರೆತಿದೆ. ಅದೇ ಕಂಪನಿಯಲ್ಲಿದ್ದ ಅವರ ಸ್ನೇಹಿತರೊಬ್ಬರು ಅರಕಲಗೂಡಿನಲ್ಲಿದ್ದಾರಂತೆ. ಮುಂದಿನ ಭಾನುವಾರ ಇಬ್ಬರನ್ನೂ ಕೂರಿಸಿ ಕೇಳಬೇಕು.